ಮೆಟ್ಟಿಲು ಎಣಿಸುತ್ತಾ ಛತ್ರ ಹುಡುಕಿದ್ದು

ತಂಗಿಯ ಮದುವೆಗೆ ಅಂತ ಮೂರು ಭಾನುವಾರಗಳಲ್ಲಿ 11 ಛತ್ರ ನೋಡಿದೆವು. ನಾನು, ಸೋದರಮಾವ, ಮಾವನ ಹಳೇ ಸ್ಕೂಟರ್. ಸ್ಟ್ಯಾಂಡ್ ಹಾಕಿದ ಕೂಡಲೇ ಮಾವ ಮ್ಯಾನೇಜರ್ ಹತ್ತಿರ ಹೋಗಿ ಬಾಡಿಗೆ ವಿಚಾರಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಮೆಟ್ಟಿಲು ಎಣಿಸುತ್ತಿದ್ದೆ.

ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಒಂದನೇ ಹಾಲ್: 18 ಮೆಟ್ಟಿಲು, ಮಧ್ಯೆ ಒಂದು ತಿರುವು, ಕಂಬಿ ಒಂದೇ ಕಡೆ. ಎರಡನೆಯದು: ಹಾಲ್ ನೆಲಮಟ್ಟದಲ್ಲಿದೆ, ಆದರೆ ಊಟದ ಮನೆ ಕೆಳಗೆ, 20 ಮೆಟ್ಟಿಲು ಇಳಿಯಬೇಕು. ಮೂರನೆಯದು: ಲಿಫ್ಟ್ ಇದೆ, ನಾಲ್ಕೇ ಜನಕ್ಕೆ. ಹೀಗೆ. "ನೀನು ಏನೇ ಇದು, ಗಾರೆ ಕೆಲಸದ ಮೇಸ್ತ್ರಿ ಥರ ಬರೀತೀಯಾ" ಅಂದರು ಮಾವ. ನಾನು ಕಾರಣ ಹೇಳಿದ ಮೇಲೆ ಅವರೂ ಎಣಿಸೋಕೆ ಶುರು ಮಾಡಿದರು.

ಕಾರಣ ನನ್ನದೇ ಆರತಕ್ಷತೆ. 2012ರಲ್ಲಿ ನಡೆದದ್ದು.

ಆಗ ಹಾಲ್ ಹುಡುಕಿದ್ದು ಅಪ್ಪ ಮತ್ತು ಚಿಕ್ಕಪ್ಪ. ಹೊಸದಾಗಿ ಕಟ್ಟಿದ ಹಾಲ್, ಮೊದಲನೇ ಮಹಡಿಯಲ್ಲಿ. ಕೆಳಗೆ ಕಾರು ನಿಲ್ಲಿಸುವ ಜಾಗ. ಸ್ಟೇಜ್ ನೋಡಿ ನಾನೇ ಕುಣಿದಾಡಿದ್ದೆ. ಅಷ್ಟು ದೊಡ್ಡದು, ಅಷ್ಟು ಲೈಟು. ಆ ದಿನ ಸಂಜೆ ಲಿಫ್ಟ್ ಕೆಟ್ಟು ನಿಂತಿತು. ಅದನ್ನು ನನಗೆ ಯಾರೂ ಹೇಳಲಿಲ್ಲ. ಮದುಮಗಳಿಗೆ ಯಾರು ತಾನೇ ಹೇಳುತ್ತಾರೆ? ನಾನು ಮೇಲೆ ಮೂರು ಗಂಟೆ ನಿಂತಿದ್ದೆ. ಬಂದವರೆಲ್ಲ ಸಾಲಾಗಿ ಬಂದು, ಫೋಟೋಗೆ ನಿಂತು, ಊಟಕ್ಕೆ ಹೋದರು.

ಒಂದು ತಿಂಗಳಾದ ಮೇಲೆ ಎಚ್.ಡಿ. ಕೋಟೆಯ ಆಚೆ ಇರುವ ಅತ್ತೆಯ ಊರಿಗೆ ಹೊಸ ಜೋಡಿ ಊಟಕ್ಕೆ ಹೋದೆವು. ಅತ್ತೆ ಅಂದರೆ ಅಪ್ಪನ ಅಕ್ಕ. ನನಗೆ ಮೊದಲ ಸಲ ಎಣ್ಣೆ ಹಚ್ಚಿ ನೀರು ಹಾಕಿದವರು ಅವರೇ. ಊಟ ಬಡಿಸುತ್ತಾ ಅತ್ತೆ ಕೇಳಿದರು: "ಅವತ್ತು ಸಂಜೆ ನೀನು ಉಟ್ಟಿದ್ದ ಸೀರೆ ಯಾವ ಬಣ್ಣದ್ದವ್ವ?"

ನನ್ನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಅತ್ತೆ ಬಂದಿದ್ದರು. ಬಾಗಿಲ ಹತ್ತಿರ ಮುಯ್ಯಿ ಬರೆಯುತ್ತಿದ್ದ ಚಿಕ್ಕಪ್ಪನ ಪುಸ್ತಕದಲ್ಲಿ ಅವರ ಹೆಸರಿತ್ತು, 101 ರೂಪಾಯಿ ಇತ್ತು. "ಮೇಲೆ ಹೋಗಿ ಅಕ್ಕ" ಅಂತ ಚಿಕ್ಕಪ್ಪ ಹೇಳಿದ್ದರು. ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಅತ್ತೆ ಮೆಟ್ಟಿಲ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತರು. ಮೊಣಕಾಲು ನೋವು. ಮೇಲಿಂದ ಸಾಲು ಮೆಟ್ಟಿಲ ತನಕ ಬಂದಿತ್ತಂತೆ. ಎಂಟೂವರೆಗೆ ಅವರೂರಿಗೆ ಕೊನೆ ಬಸ್. ಎದ್ದು ಹೊರಟರು. "ಊಟ?" ಅಂದೆ. "ಬಸ್‌ಸ್ಟ್ಯಾಂಡಲ್ಲಿ ಎರಡು ಬಾಳೆಹಣ್ಣು ತಿಂದೆ ಬಿಡವ್ವ. ಅದೇನು ಮಹಾ" ಅಂದರು.

ಈಗ ತಂಗಿಯ ಮದುವೆ. ಅಪ್ಪ ಇಲ್ಲ. ಹಾಲ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಗೆ ಈಗ 78.

ದಿನ ಸಿಗುವುದೇ ಮೊದಲ ಕಷ್ಟ. ಈ ವರ್ಷ, ಅಂದರೆ 2026ರಲ್ಲಿ, ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ ಮಾಸ. ನಮ್ಮ ಕಡೆ ಅಧಿಕದಲ್ಲಿ ಮದುವೆ ಮಾಡುವುದಿಲ್ಲ. ಆಮೇಲೆ ನಿಜ ಜ್ಯೇಷ್ಠ ಬರುತ್ತದೆ, ಅದರ ಬೆನ್ನಿಗೇ ಆಷಾಢ. ಹಾಗಾಗಿ ಎಲ್ಲರೂ ವೈಶಾಖಕ್ಕೇ ಮುಗಿಬಿದ್ದಿದ್ದಾರೆ. ನಾವು ನವೆಂಬರ್‌ನಲ್ಲಿ ಹೊರಟಾಗಲೇ ಮೈಸೂರಿನ ಅರ್ಧ ಛತ್ರಗಳು ಮೇ ಮೊದಲ ಎರಡು ವಾರಕ್ಕೆ ಬುಕ್ ಆಗಿದ್ದವು. ನಮಗೆ ಸಿಕ್ಕಿದ್ದು ಒಂದೇ ಮುಹೂರ್ತ, ಮೇ ಮೊದಲ ವಾರದ್ದು.

ಇನ್ನೊಂದು ವಿಷಯ. ನಮ್ಮ ಕಡೆ ಆರತಕ್ಷತೆ ಮೊದಲು, ಧಾರೆ ಆಮೇಲೆ. ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಉಡುಪಿ ಕಡೆಯ ನನ್ನ ಗೆಳತಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ತಾಳಿ ಕಟ್ಟೋಕೆ ಮುಂಚೆ ಶುಭಾಶಯ ಹೇಳೋದು ಹ್ಯಾಗೆ?" ಅಂತಾಳೆ. ಇರಲಿ, ಪದ್ಧತಿ ಹಾಗಿದೆ. ಆದರೆ ಹಾಲ್ ಹುಡುಕುವವರಿಗೆ ಇದರಿಂದ ಒಂದು ತೊಡಕಿದೆ. ಒಂದೇ ಹಾಲ್‌ಗೆ ಎರಡು ಥರದ ಜನ ಬರುತ್ತಾರೆ. ಸಂಜೆ ಆಫೀಸಿನವರು, ಸ್ನೇಹಿತರು, ಬೀದಿಯವರು. ಬೆಳಿಗ್ಗೆ ಹತ್ತಿರದ ನೆಂಟರು. ಊರಿನಿಂದ ಬರುವ ವಯಸ್ಸಾದವರು ಎರಡಕ್ಕೂ ಇರಬೇಕು ಅಂದರೆ ರಾತ್ರಿ ಅಲ್ಲೇ ಮಲಗಬೇಕು. ಹಾಗಾಗಿ ರೂಮು ಎಷ್ಟಿದೆ ಅಂತ ಕೇಳಿದರೆ ಸಾಲದು. ಕೆಳಗಡೆ ಎಷ್ಟು ರೂಮಿದೆ, ಅದರಲ್ಲಿ ಕೂರುವ ಕಮೋಡ್ ಇದೆಯಾ, ರಾತ್ರಿ ನೀರು ಬರುತ್ತಾ ಅಂತ ಕೇಳಬೇಕು. ಸುಮಾರು ಛತ್ರಗಳಲ್ಲಿ ವಧು ವರರ ಎರಡು ರೂಮು ಚೆನ್ನಾಗಿರುತ್ತವೆ. ಉಳಿದವು ಮೇಲಿನ ಮಹಡಿಯಲ್ಲಿ, ಹಾಸಿಗೆ ಸುರುಳಿ ಸುತ್ತಿಟ್ಟ ಕೋಣೆಗಳು.

ಎರಡನೇ ಭಾನುವಾರ ನಮ್ಮ ಅಡುಗೆಯವರನ್ನೂ ಕರೆದುಕೊಂಡು ಹೋದೆವು. ಮೂವತ್ತು ವರ್ಷದಿಂದ ಮದುವೆ ಅಡುಗೆ ಮಾಡುವವರು. ಅವರು ಹಾಲ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಒಲೆ ನೋಡಿದರು, ಹೊಗೆ ಹೋಗುವ ಕಿಟಕಿ ನೋಡಿದರು, ಅನ್ನ ಬಸಿಯುವ ಜಾಗದಲ್ಲಿ ನೀರು ಹರಿದು ಹೋಗುತ್ತಾ ನೋಡಿದರು. ಆಮೇಲೆ ಅಡುಗೆಮನೆಯಿಂದ ಊಟದ ಮನೆಗೆ ಎಷ್ಟು ಹೆಜ್ಜೆ ಅಂತ ನಡೆದು ನೋಡಿದರು. "ಸಾರಿನ ಬಕೆಟ್ ಹಿಡ್ಕೊಂಡು ಹುಡುಗ್ರು ರಾತ್ರಿ ಇಲ್ಲಿ ಐವತ್ತು ಸಲ ಓಡಾಡ್ತಾರೆ ಅಮ್ಮ. ಹೊಸಿಲು ಎತ್ತರ ಇದ್ರೆ ಎಡವ್ತಾರೆ." ನಾನು ಅದುವರೆಗೆ ಬಡಿಸುವ ಹುಡುಗರ ಕಾಲಿನ ಬಗ್ಗೆ ಯೋಚಿಸಿರಲಿಲ್ಲ. ನೋಟ್‌ಬುಕ್‌ನಲ್ಲಿ ಅದನ್ನೂ ಬರೆದುಕೊಂಡೆ.

ಊಟದ ಲೆಕ್ಕ ಹೇಳಿಕೊಟ್ಟವರೂ ಅವರೇ. ಹಾಲ್‌ನಲ್ಲಿ ಎಷ್ಟು ಕುರ್ಚಿ ಅನ್ನುವುದು ಮುಖ್ಯವಲ್ಲ. ಊಟದ ಮನೆಯಲ್ಲಿ ಎಷ್ಟು ಎಲೆ ಬೀಳುತ್ತದೆ ಅನ್ನುವುದು ಮುಖ್ಯ. ಎಲೆ ಹಾಕಿ, ಬಡಿಸಿ, ಉಂಡು, ಎಲೆ ತೆಗೆದು, ಟೇಬಲ್ ಮೇಲೆ ಮತ್ತೆ ಕಾಗದ ಹಾಸುವಷ್ಟರಲ್ಲಿ 40 ನಿಮಿಷ. ಏಳೂವರೆಗೆ ಶುರುವಾದರೆ ಹತ್ತೂ ಚಿಲ್ಲರೆಗೆ ನಾಲ್ಕು ಪಂಕ್ತಿ ಮುಗಿಯುತ್ತದೆ. ನಮ್ಮ ಆರತಕ್ಷತೆಗೆ 700 ಜನ. ಊಟದ ಮನೆಯಲ್ಲಿ 120 ಎಲೆ ಅಂದರೆ ನಾಲ್ಕು ಪಂಕ್ತಿಗೆ 480. ಉಳಿದ 220 ಜನ ಎಲ್ಲಿ ಹೋಗಬೇಕು?

ಎಲ್ಲಿ ಹೋಗುತ್ತಾರೆ ಅಂತ ನಮಗೆಲ್ಲ ಗೊತ್ತಿದೆ, ಅಲ್ವಾ? ಉಣ್ಣುವವರ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ. ಪಾಯಸ ಬಂತಾ, ಮಜ್ಜಿಗೆ ಬಂತಾ ಅಂತ ನೋಡುತ್ತಾ ಕುರ್ಚಿಯ ಬೆನ್ನು ಹಿಡಿದುಕೊಂಡು ಕಾಯುತ್ತಾರೆ. ಕೂತವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ನಿಂತವರಿಗೆ ಮುಜುಗರ. ಒಬ್ಬ ಅಜ್ಜಿ ಸೆರಗಲ್ಲಿ ಮುಖ ಒರೆಸಿಕೊಂಡು ಅರ್ಧ ಊಟಕ್ಕೇ ಎದ್ದು, ಹಿಂದೆ ಮಗು ಎತ್ತಿಕೊಂಡು ನಿಂತಿದ್ದವಳಿಗೆ ಜಾಗ ಬಿಟ್ಟುಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಕರೆದವರು ಇಷ್ಟಾದರೂ ಲೆಕ್ಕ ಹಾಕಬೇಕು. ಬಫೆ ಇಡಿ ಅನ್ನುತ್ತಾರೆ. ಬಫೆ ಬೇಡ ಅಂತಲ್ಲ, ಹುಡುಗರಿಗೆ ಅದೇ ಇಷ್ಟ. ಆದರೆ ಎಪ್ಪತ್ತು ದಾಟಿದವರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಎಲ್ಲಿ ಉಣ್ಣುವುದು? ಅವರಿಗೆ ಎಲೆ ಹಾಕಲೇಬೇಕು.

ಸ್ಟೇಜ್‌ದೂ ಹೀಗೇ ಒಂದು ಲೆಕ್ಕ. 700 ಜನ ನಾಲ್ಕು ನಾಲ್ಕು ಜನರ ಗುಂಪಾಗಿ ಬಂದರೂ 175 ಗುಂಪು. ಗುಂಪಿಗೆ ಒಂದು ನಿಮಿಷ ಅಂದರೂ ಸುಮಾರು ಮೂರು ಗಂಟೆ. ಫೋಟೋದವರು "ಸರ್, ಸ್ವಲ್ಪ ಇಲ್ಲಿ ನೋಡಿ" ಅಂದರೆ ಇನ್ನೂ ಜಾಸ್ತಿ. ಅತ್ತೆ ಆವತ್ತು ಮೆಟ್ಟಿಲು ಹತ್ತಿದ್ದರೂ ಆ ಸಾಲಿನಲ್ಲಿ ನಿಂತು ಎಂಟೂವರೆ ಬಸ್ ಹಿಡಿಯಲು ಆಗುತ್ತಿರಲಿಲ್ಲ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಿಂಗ್ ರಸ್ತೆಯ ದೊಡ್ಡ ಕನ್ವೆನ್ಷನ್ ಹಾಲ್‌ಗಳು ಮಾವನಿಗೆ ಹಿಡಿಸಿದ್ದವು. ಜಾಗ ವಿಶಾಲ, 200 ಕಾರು ನಿಲ್ಲುತ್ತವೆ, ಎಸಿ ಇದೆ. ಬಾಡಿಗೆ ನಾಲ್ಕು ಲಕ್ಷ, ಮೇಲೆ ಶೇ. 18 ಜಿಎಸ್‌ಟಿ. ಅದಕ್ಕೇ 72 ಸಾವಿರ. ಕರೆಂಟು ಮೀಟರ್ ನೋಡಿ ಬೇರೆ, ಜನರೇಟರ್‌ಗೆ ಗಂಟೆ ಲೆಕ್ಕ, ಕ್ಲೀನಿಂಗ್ ಬೇರೆ, ಹೂವಿನ ಅಲಂಕಾರ ಅವರು ಹೇಳಿದವರ ಕೈಲೇ ಮಾಡಿಸಬೇಕು. ನಾನು ಕೇಳಿದ್ದು ಒಂದೇ: "ಬಸ್ಸಲ್ಲಿ ಬರೋರು ಇಲ್ಲಿಗೆ ಹ್ಯಾಗೆ ಬರ್ತಾರೆ?" ಮ್ಯಾನೇಜರ್ ನನ್ನ ಮುಖ ನೋಡಿದರು. "ಕ್ಯಾಬ್ ಮಾಡ್ಕೊಂಡು ಬರ್ಬೋದು ಮೇಡಂ" ಅಂದರು. ಅತ್ತೆಯ ಫೋನಿನಲ್ಲಿ ಕರೆ ಮಾಡಲು ಹಸಿರು ಗುಂಡಿ, ಇಡಲು ಕೆಂಪು ಗುಂಡಿ, ಅಷ್ಟೇ ಅವರಿಗೆ ಗೊತ್ತಿರುವುದು.

ತಂಗಿಯ ಆಸೆ ಬೇರೆಯೇ ಇತ್ತು. "ಅಕ್ಕ, ನಂಗೆ ಸ್ಟೇಜ್ ದೊಡ್ಡದಿರೋದು ಬೇಡ, ಎಸಿ ಬೇಡ. ತಲೆ ಮೇಲೆ ಆಕಾಶ ಇದ್ರೆ ಸಾಕು" ಅಂದಳು. ಅವಳು ಖರ್ಚಿನ ಅರ್ಧ ತನ್ನ ಸಂಬಳದಲ್ಲಿ ಕೂಡಿಟ್ಟಿದ್ದಾಳೆ. ಕೇಳಿದ್ದು ಇದೊಂದನ್ನೇ. ಅವಳ ಜೊತೆ ಹೋಗಿ ಊರಾಚೆ ಒಂದು ಲಾನ್ ನೋಡಿದೆವು. ನಿಜವಾಗಿ ಚೆನ್ನಾಗಿತ್ತು. ಚಾಮುಂಡಿ ಬೆಟ್ಟದ ದೀಪ ಕಾಣುತ್ತಿತ್ತು. ಆದರೆ ಏಪ್ರಿಲ್ ಕೊನೆಯ ವಾರ ಭರಣಿ ಮಳೆ ಕೂಡುತ್ತದೆ, ಮೇ ಎರಡನೇ ವಾರದ ತನಕ ಇರುತ್ತದೆ. ನಮ್ಮ ದಿನ ಸರಿಯಾಗಿ ಅದರ ನಡುವೆ. ಬೇಸಾಯದವರಿಗೆ ಭರಣಿ ಮಳೆ ಚಿನ್ನ. ಬಯಲಲ್ಲಿ 700 ಎಲೆ ಹಾಕಿ ಕೂತವರಿಗೆ ಅದನ್ನು ತಡೆಯುವುದು ಹೇಗೆ? ಹುಲ್ಲಿನ ಮೇಲೆ ನಡೆದರೆ ಚಪ್ಪಲಿ ಹೂತುಹೋಗುತ್ತಿತ್ತು. ಗಾಲಿ ಕುರ್ಚಿ ತಳ್ಳುವುದಂತೂ ದೂರದ ಮಾತು. ಬೇಡ ಅಂದೆ. ತಂಗಿ ಮಾತಾಡಲಿಲ್ಲ. ಮನೆಗೆ ಬಂದು ಬಚ್ಚಲು ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗೋಡೆಯ ಈಚೆ ನಾನು ಕೂತು ಕೇಳಿಸಿಕೊಂಡೆ.

ಇದರ ನಡುವೆ ಮಾವ ಒಂದು ಮಾತು ಹೇಳಿದರು. "ಬಾಗಿಲು ಎಷ್ಟಿದೆ ಅದನ್ನೂ ಬರ್ಕೋ." ಮೈಸೂರಿನವರಿಗೆ ಮದುವೆ ಮತ್ತು ಬೆಂಕಿಯ ಕಥೆ ಗೊತ್ತೇ ಇದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಈಗ ನಾವು ನೋಡುವ ಅರಮನೆ ಅದಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿದ್ದು. 1912ಕ್ಕೆ ಮುಗಿಯಿತು. ಅದರೊಳಗಿನ ಕಲ್ಯಾಣ ಮಂಟಪದಲ್ಲಿ ಕಂಬಗಳು ಎರಕದ ಕಬ್ಬಿಣದವು. ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯನ್ನು ಗ್ಲಾಸ್ಗೋದಲ್ಲಿ ಮಾಡಿಸಿ ತಂದರು. ಶಾಲೆಯಲ್ಲಿದ್ದಾಗ ಆ ಗಾಜು ನೋಡುತ್ತಾ ಕುತ್ತಿಗೆ ನೋಯಿಸಿಕೊಂಡಿದ್ದೆ. ಮರದ ಅರಮನೆ ಬೆಂಕಿಗೆ ಕಳೆದುಕೊಂಡವರು ಯಾಕೆ ಕಬ್ಬಿಣದ ಕಂಬ ನಿಲ್ಲಿಸಿರಬಹುದು ಅಂತ ಆಗ ಹೊಳೆದಿರಲಿಲ್ಲ. ಮಾವನ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಶ್ರೀರಂಗದ ದುರಂತ. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದಲ್ಲಿ ಮದುವೆ ಮಂಟಪದ ಚಪ್ಪರಕ್ಕೆ ಬೆಂಕಿ ಹತ್ತಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮದುಮಗನೂ ಉಳಿಯಲಿಲ್ಲ. ಹಾಗಾಗಿ ನಾವು ಪ್ರತಿ ಹಾಲ್‌ನಲ್ಲೂ ಹಿಂದಿನ ಬಾಗಿಲು ತೆಗೆಸಿ ನೋಡಿದೆವು. ಮೂರು ಕಡೆ ಆ ಬಾಗಿಲಿಗೆ ಬೀಗ. ಒಂದು ಕಡೆ ಬಾಗಿಲಿನ ಆಚೆ ಹಳೇ ಕುರ್ಚಿಗಳ ರಾಶಿ. ಆ ನಾಲ್ಕೂ ಹಾಲ್ ಅಲ್ಲಿಗೇ ಬಿಟ್ಟೆವು.

ಹತ್ತು ಹಾಲ್ ಮುಗಿದಿದ್ದವು. ಹನ್ನೊಂದನೆಯದು ಊರೊಳಗಿನ ಒಂದು ಹಳೇ ಛತ್ರ. ಮಾವ "ಅದು ಬೇಡ ಬಿಡು, ಹಳೇದು" ಅನ್ನುತ್ತಲೇ ಕರೆದುಕೊಂಡು ಹೋದರು. ಬಾಗಿಲಿಗೆ ಮೂರೇ ಮೆಟ್ಟಿಲು, ಅಗಲವಾದ ಕಲ್ಲಿನ ಮೆಟ್ಟಿಲು. ಪಕ್ಕದಲ್ಲಿ ಸಾಮಾನಿನ ಗಾಡಿ ತಳ್ಳಲು ಮಾಡಿದ ಇಳಿಜಾರು. ಹಾಲ್ ಮತ್ತು ಊಟದ ಮನೆ ಒಂದೇ ಮಟ್ಟದಲ್ಲಿ, ಅಕ್ಕಪಕ್ಕ. 180 ಎಲೆ ಬೀಳುತ್ತದೆ. ನಾಲ್ಕು ಪಂಕ್ತಿಗೆ 720. ನಾನು ಈ ಲೆಕ್ಕವನ್ನು ಎರಡು ಸಲ ಮಾಡಿದೆ. ಕೆಳಗಡೆ ಎರಡು ರೂಮು, ಒಂದರಲ್ಲಿ ಕಮೋಡ್. ಸಬರ್ಬನ್ ಬಸ್ ನಿಲ್ದಾಣದಿಂದ ಆಟೋಗೆ ಐದು ನಿಮಿಷ. ಅಡುಗೆಯವರಿಗೆ ಫೋನ್ ಮಾಡಿದರೆ, "ಆ ಛತ್ರಾನಾ? ಅಲ್ಲಿ ಬಾವಿ ಇದೆ ಅಮ್ಮ, ಕಣ್ಣು ಮುಚ್ಕೊಂಡು ಬುಕ್ ಮಾಡಿ" ಅಂದರು.

ಛತ್ರ ಅನ್ನುವ ಮಾತೇ ಮದುವೆಯದ್ದಲ್ಲ. ದೂರದಿಂದ ನಡೆದು ಬಂದವರಿಗೆ ಮಲಗಲು ಒಂದು ಜಾಗ, ಒಂದು ಹೊತ್ತಿನ ಊಟ, ಅದಕ್ಕೆ ಛತ್ರ ಅನ್ನುತ್ತಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ತೋಟದಪ್ಪನವರ ಛತ್ರ ಇರುವುದು ಇದೇ ಕಾರಣಕ್ಕೆ. ನಮ್ಮ ಮೈಸೂರಿನ ನಂಜರಾಜ ಬಹದ್ದೂರ್ ಛತ್ರಕ್ಕೂ ಅದೇ ಹೆಸರು ಉಳಿದಿದೆ. ಬರುವವರು ಸುಸ್ತಾಗಿ ಬರುತ್ತಾರೆ ಅಂತ ತಿಳಿದವರು ಕಟ್ಟಿಸಿದ ಜಾಗಗಳು ಅವು. ಆ ಮೂರು ಕಲ್ಲಿನ ಮೆಟ್ಟಿಲು ನೋಡಿದಾಗ ನನಗೆ ಹಾಗನ್ನಿಸಿತು.

ಕೊರತೆ ಇಲ್ಲ ಅಂತಲ್ಲ. ಎಸಿ ಇಲ್ಲ, ಮೇ ತಿಂಗಳ ಸೆಕೆಗೆ ಫ್ಯಾನೇ ಗತಿ. ಕಾರು 25 ನಿಲ್ಲಬಹುದು, ಅಷ್ಟೇ. ಗೋಡೆಗೆ ತಿಳಿ ಹಸಿರು ಎಣ್ಣೆ ಬಣ್ಣ. ತಂಗಿಯ ಆಫೀಸಿನವರು ಏನಂದುಕೊಳ್ಳುತ್ತಾರೋ ಅಂತ ಅಮ್ಮನಿಗೆ ಚಿಂತೆ. ಕಾರಿಗೆ ಎರಡು ಬೀದಿ ಆಚೆ ಒಂದು ಮೈದಾನ ಮಾತಾಡಿದ್ದೇವೆ, ದಾರಿ ತೋರಿಸಲು ನನ್ನ ಮಗ ಮತ್ತು ಅವನ ಸ್ನೇಹಿತ ನಿಲ್ಲುತ್ತಾರೆ. ರಾತ್ರಿ ಹತ್ತಾದ ಮೇಲೆ ಮೈಕ್ ಹಾಕುವಂತಿಲ್ಲ. ಅದು ಎಲ್ಲ ಕಡೆಯೂ ಇರುವ ನಿಯಮವೇ. ಸುತ್ತ ಮನೆಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ನಾವು ಒಂಬತ್ತೂವರೆಗೇ ನಿಲ್ಲಿಸುತ್ತೇವೆ. ಬಾಡೂಟಕ್ಕೆ ಅಲ್ಲಿ ಅವಕಾಶವಿಲ್ಲ. ಬೀಗರೂಟ ಹೇಗೂ ಊರಲ್ಲಿ, ಮನೆ ಮುಂದೆ.

ತಂಗಿಯನ್ನು ಒಪ್ಪಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಸುಮ್ನೆ ಒಂದು ಸಂಜೆ ಕರೆದುಕೊಂಡು ಹೋದೆ. ಛತ್ರದ ಪಕ್ಕ ಒಂದು ಅಂಗಳ ಇದೆ. ಮಧ್ಯೆ ದೊಡ್ಡ ಹೊಂಗೆ ಮರ, ಸುತ್ತ ಸಿಮೆಂಟಿನ ಕಟ್ಟೆ. ಅವಳು ಹಾಲ್ ಒಳಗೆ ಬರಲೇ ಇಲ್ಲ. ಕಟ್ಟೆಯ ಮೇಲೆ ಕೂತು ಮೇಲೆ ನೋಡಿದಳು. ಎಲೆಗಳ ಸಂದಿಯಲ್ಲಿ ಆಕಾಶ ಇನ್ನೂ ಬೆಳ್ಳಗಿತ್ತು.

"ಅಕ್ಕ, ಸ್ಟೇಜ್ ಮೇಲೆ ಏಳಕ್ಕೆ ಹತ್ತಿದ್ರೆ ಸಾಕಲ್ವಾ? ಆರರಿಂದ ಏಳರ ತನಕ ನಾವಿಬ್ರೂ ಇಲ್ಲೇ ನಿಂತಿರ್ತೀವಿ. ಅತ್ತೆ, ದೊಡ್ಡಮ್ಮ, ಊರಿನವ್ರು ಎಲ್ಲ ಈ ಕಟ್ಟೆ ಮೇಲೆ ಕೂತ್ಕೊಳ್ಳಿ. ನಾವೇ ಒಬ್ಬೊಬ್ರ ಹತ್ರ ಹೋಗ್ತೀವಿ."

ನಾನು ಅವಳಿಗೆ ಅತ್ತೆಯ ವಿಷಯ ಪೂರ್ತಿ ಹೇಳಿರಲೇ ಇಲ್ಲ. ನನ್ನ ನೋಟ್‌ಬುಕ್ ಓದಿದ್ದಳಂತೆ. ಮಳೆ ಬಂದರೆ ಮುಂದಿನ ಜಗುಲಿ ಇದೆ ಅಂತಲೂ ಅವಳೇ ನೋಡಿಕೊಂಡಳು. ಮಾರನೇ ದಿನ 50 ಸಾವಿರ ಅಡ್ವಾನ್ಸ್ ಕೊಟ್ಟು ರಸೀದಿ ತಂದೆವು. ರಸೀದಿಯಲ್ಲಿ ಒಂದು ಸಾಲು ಜಾಸ್ತಿ ಬರೆಸಿದೆ: ಕೆಳಗಿನ ಎರಡು ರೂಮು ಹಿಂದಿನ ದಿನ ಮಧ್ಯಾಹ್ನ ಮೂರರಿಂದಲೇ ನಮಗೆ, ಹಿಂಬದಿಯ ಬಾಗಿಲು ಎರಡೂ ದಿನ ತೆಗೆದಿರಬೇಕು. ಬಾಯಿಮಾತಿನಲ್ಲಿ ಆಗುತ್ತೆ ಅಂದಿದ್ದರು. ಬರೆಸಿದ್ದೇ ಒಳ್ಳೆಯದಾಯಿತು. ಹೋದ ತಿಂಗಳು ಮ್ಯಾನೇಜರ್ ಬದಲಾಗಿದ್ದಾರೆ.

ಮೊನ್ನೆ ಲಗ್ನಪತ್ರಿಕೆ ಕೊಡಲು ಅತ್ತೆಯ ಊರಿಗೆ ಹೋಗಿದ್ದೆ. ಅರಿಶಿನ ಕುಂಕುಮ ಇಟ್ಟು, ಪತ್ರಿಕೆ ಕೈಗಿಟ್ಟು, ಕಾಲಿಗೆ ನಮಸ್ಕಾರ ಮಾಡಿದೆ. "ಅತ್ತೆ, ಈ ಸಲ ಮೆಟ್ಟಿಲು ಮೂರೇ. ಊಟ ಅಲ್ಲೇ ಪಕ್ಕದಲ್ಲೇ. ರಾತ್ರಿ ಬಸ್ ಹಿಡೀಬೇಕಾಗಿಲ್ಲ, ಕೆಳಗಡೆ ರೂಮು ಇಟ್ಟಿದ್ದೀನಿ" ಅಂದೆ. ಅತ್ತೆ ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಓದಲು ಬರುವುದಿಲ್ಲ. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು.

"ಈಗ ನಮ್ಗೆ ಬಸ್ಸಲ್ಲಿ ಕಾಸು ಕೇಳಲ್ವಲ್ಲವ್ವ. ಈ ಬೀದಿ ಹೆಂಗಸ್ರು ನಾಕ್ ಜನ ನಾವೂ ಬತ್ತೀವಿ ಅಂತಾವ್ರೆ. ನಿಮ್ಮಪ್ಪನ್ನ ಎತ್ತಾಡಿಸ್ದೋರು. ಜಾಸ್ತಿ ಆಯ್ತದಾ?"

ನೋಟ್‌ಬುಕ್ ತೆಗೆದು 180ರ ಮುಂದಿನ ಲೆಕ್ಕ ಮತ್ತೆ ನೋಡಿದೆ. 720 ಎಲೆಗೆ 700 ಜನ ಇದ್ದರು. 704 ಅಂತ ತಿದ್ದಿದೆ. ಅತ್ತೆಗೆ ತೋರಿಸಿದೆ. ಅವರು ಆಗಲೇ ಎದ್ದು ಬಾಗಿಲಿಗೆ ಹೋಗಿ, ಎದುರು ಮನೆಯವರನ್ನು ಕೂಗಿ ಕರೆಯುತ್ತಿದ್ದರು.